ಸಾವಿರದೇಳುನೂರ ತೊಂಬತ್ತೊಂಬತ್ತು

ನಾನು ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಚರಿತ್ರೆಯ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ತರಗತಿಗೆ ಬಂದವರೇ ಇಸವಿಯೊಂದನ್ನು ಕೂಗುವರು. ನಾವು ಸಂಗತಿಯನ್ನು ಕೂಗಬೇಕು. "೧೫೬೫?" "ತಾಳೀಕೋಟೆ ಯುದ್ಧ!" "೧೭೯೯?" "ಟಿಪ್ಪು ಸುಲ್ತಾನನ ಮರಣ!" ಒಂದು ದಿನ ನನಗೆ ಎಲ್ಲಿಂದಲೋ ಧೈರ್ಯ ಬಂದು, "ಆ ವರ್ಷ ಬೇರೆ ದೇಶಗಳಲ್ಲಿ ಏನೇನಾಯಿತು ಸಾರ್?" ಎಂದು ಕೇಳಿಬಿಟ್ಟೆ. ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದರು. ಕೂತುಕೊಂಡೆ. ಪರೀಕ್ಷೆಗಳೆಲ್ಲ ಮುಗಿದು, ನೌಕರಿಯೂ ಮುಗಿದು, ಈಗ ನಿವೃತ್ತಿಯ ಬಿಡುವಿನಲ್ಲಿ ಆ ಪ್ರಶ್ನೆಗೆ ನಾನೇ ಉತ್ತರ ಹುಡುಕಿಕೊಂಡಿದ್ದೇನೆ.

ಹುಡುಕಲು ಹೊರಟೊಡನೆ ಒಂದು ತೊಡಕು ಎದುರಾಯಿತು. ೧೭೯೯ ಎಂಬುದು ಎಲ್ಲರಿಗೂ ೧೭೯೯ ಆಗಿರಲಿಲ್ಲ. ನಮ್ಮ ಪಂಚಾಂಗದವರಿಗೆ ಆ ಯುಗಾದಿಯಂದು ಕಾಲಿಟ್ಟದ್ದು ಶಾಲಿವಾಹನ ಶಕ ೧೭೨೧, ಸಿದ್ಧಾರ್ಥಿ ಸಂವತ್ಸರ. ಮುಸಲ್ಮಾನರಿಗೆ ಅದು ಹಿಜರಿ ೧೨೧೩. ಕ್ರಾಂತಿ ಮಾಡಿದ ಫ್ರೆಂಚರು ಕ್ರಿಸ್ತಶಕವನ್ನೇ ಬದಿಗಿಟ್ಟು ತಮ್ಮ ಗಣರಾಜ್ಯದ ಏಳನೆಯ ವರ್ಷವೆಂದು ಬರೆಯುತ್ತಿದ್ದರು. ರಷ್ಯನ್ನರ ತೇದಿ ಮಿಕ್ಕ ಯೂರೋಪಿಗಿಂತ ಹನ್ನೊಂದು ದಿನ ಹಿಂದೆ. ಟಿಪ್ಪುವಂತೂ ತಿಂಗಳು ಸಂವತ್ಸರಗಳಿಗೆ ಹೊಸ ಹೆಸರಿಟ್ಟು ತನ್ನದೇ ಒಂದು ಪಂಚಾಂಗವನ್ನು ನಡೆಸಿದ್ದ. ಲೋಕವೆಲ್ಲ ಒಂದೇ ವರ್ಷದಲ್ಲಿ ಬದುಕುತ್ತಿತ್ತೆಂಬುದು ಹಿಂತಿರುಗಿ ನೋಡುವ ನಮ್ಮ ಅನುಕೂಲಕ್ಕಾಗಿ ನಾವು ಮಾಡಿಕೊಂಡ ಏರ್ಪಾಡು. ಇರಲಿ, ಆ ಅನುಕೂಲವನ್ನೇ ಹಿಡಿದು ಮುಂದುವರಿಯೋಣ.

ಜನವರಿ. ಇಪ್ಪತ್ತೊಂಬತ್ತು ವಯಸ್ಸಿನ ದಳಪತಿ ನೆಪೋಲಿಯನ್ ಬೋನಪಾರ್ಟೆ ಈಜಿಪ್ಟಿನ ಕೈರೋ ನಗರದಲ್ಲಿದ್ದಾನೆ. ಅಲ್ಲಿಂದ ಆತ ಟಿಪ್ಪು ಸುಲ್ತಾನನಿಗೆ ಒಂದು ಕಾಗದ ಬರೆದ. ತಾನು ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ದಡಕ್ಕೆ ಬಂದಿರುವುದಾಗಿಯೂ, ಟಿಪ್ಪುವನ್ನು ಇಂಗ್ಲಿಷರ ಕಾಟದಿಂದ ಬಿಡಿಸಬೇಕೆಂದಿರುವುದಾಗಿಯೂ, ಮಾತುಕತೆಗೆ ನಂಬಿಕೆಯವನೊಬ್ಬನನ್ನು ಸೂಯೆಜ್‌ಗೆ ಕಳುಹಿಸಬೇಕೆಂದೂ ಅದರ ಸಾರಾಂಶ. ಕಾಗದ ಟಿಪ್ಪುವಿಗೆ ತಲುಪಲಿಲ್ಲ. ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು.

ಈ ಕಾಗದ ತಲುಪಿದ್ದರೆ ನಮ್ಮ ಚರಿತ್ರೆಯೇ ಬೇರೆಯಾಗುತ್ತಿತ್ತೆಂದು ಉತ್ಸಾಹದಿಂದ ವಾದಿಸುವವರನ್ನು ನಾನು ಕೇಳಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ೧೭೯೮ರ ಆಗಸ್ಟಿನಲ್ಲೇ ನೈಲ್ ನದಿಯ ಮುಖದ ಬಳಿ ನೆಲ್ಸನ್ ಫ್ರೆಂಚ್ ನೌಕಾಬಲವನ್ನು ಧ್ವಂಸಮಾಡಿದ್ದ. ಊರಿಗೆ ಹಿಂತಿರುಗಲು ಹಡಗಿಲ್ಲದವನು ಮಂಗಳೂರಿಗೆ ಸೈನ್ಯ ಕಳುಹಿಸುವುದೆಲ್ಲಿ ಬಂತು! ಅದಕ್ಕೂ ಮೊದಲು ಟಿಪ್ಪು ಮಾರಿಷಸ್ ದ್ವೀಪದ ಫ್ರೆಂಚರಲ್ಲಿ ಗುಟ್ಟಾಗಿ ನೆರವು ಬೇಡಿದ್ದ. ಅಲ್ಲಿನ ಗವರ್ನರನು ಅದನ್ನು ಡಂಗುರ ಸಾರಿದಂತೆ ಘೋಷಣೆಮಾಡಿ, ಕೊನೆಗೆ ಸುಮಾರು ನೂರು ಮಂದಿಯನ್ನು ಕಳುಹಿಸಿಕೊಟ್ಟ. ಬಂದ ಸಹಾಯ ಅಷ್ಟೆ. ಆದರೆ ಆ ಡಂಗುರ ಕಲ್ಕತ್ತೆಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಿವಿಗೆ ಬಿತ್ತು. ಬಾರದ ಸೈನ್ಯದ ಭಯವೇ ಬಂದ ಸೈನ್ಯಕ್ಕೆ ಕಾರಣವಾಯಿತು.

ಅದೇ ಜನವರಿಯಲ್ಲಿ ಲಂಡನ್ನಿನ ಪಾರ್ಲಿಮೆಂಟು ಫ್ರೆಂಚರ ಮೇಲಿನ ಯುದ್ಧದ ಖರ್ಚಿಗೆಂದು ಹೊಸದೊಂದು ಕರ ವಿಧಿಸಿತು. ವರ್ಷಕ್ಕೆ ಇನ್ನೂರು ಪೌಂಡಿಗಿಂತ ಹೆಚ್ಚು ಸಂಪಾದಿಸುವವರು ಅದರ ಹತ್ತರಲ್ಲೊಂದು ಪಾಲನ್ನು ಸರ್ಕಾರಕ್ಕೆ ಒಪ್ಪಿಸತಕ್ಕದ್ದು. ಇನ್‌ಕಂ ಟ್ಯಾಕ್ಸಿನ ಜನನ ಹೀಗೆ. ವಾಚಕರಲ್ಲಿ ಕೆಲವರಿಗೆ ೧೭೯೯ರ ನಿಜವಾದ ದುರಂತ ಇದೇ ಎನಿಸಿದರೆ ನಾನು ತಕರಾರು ಮಾಡುವುದಿಲ್ಲ.

ಫೆಬ್ರವರಿ ೭ರಂದು ಪೀಕಿಂಗಿನಲ್ಲಿ ಚೀಣದ ಮುದಿ ಚಕ್ರವರ್ತಿ ಚಿಯೆನ್ ಲುಂಗ್ ತೀರಿಕೊಂಡ. ಅವನು ಅರವತ್ತು ವರ್ಷ ಆಳಿ, ತಾತನಿಗಿಂತ ಹೆಚ್ಚು ಕಾಲ ಸಿಂಹಾಸನದಲ್ಲಿ ಕೂರುವುದು ಅವಿನಯವೆಂದು ೧೭೯೬ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟಿದ್ದ. ಬಿಟ್ಟದ್ದು ಪಟ್ಟವನ್ನು ಮಾತ್ರ. ಅಧಿಕಾರವನ್ನು ಉಸಿರಿರುವತನಕ ಬಿಡಲಿಲ್ಲ. ಅವನ ಕೃಪೆಯಲ್ಲಿ ಕೊಬ್ಬಿದ್ದ ಹೆಶೆನ್ ಎಂಬ ಮಂತ್ರಿ ಲಂಚದಿಂದ ಕುಬೇರನಾಗಿದ್ದ. ಒಡೆಯ ಕಣ್ಣು ಮುಚ್ಚಿ ಹದಿನೈದು ದಿನ ಕಳೆಯುವುದರೊಳಗೆ ಹೊಸ ದೊರೆ ಆ ಮಂತ್ರಿಗೆ ರೇಷ್ಮೆಯ ಹಗ್ಗವೊಂದನ್ನು ಕಳುಹಿಸಿದ. ಅದರ ಅರ್ಥ ಆ ದೇಶದಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಇನ್ನು ನಮ್ಮ ಮೇ ತಿಂಗಳು. ಹೋದ ಬೇಸಗೆ ನಾನು ಶ್ರೀರಂಗಪಟ್ಟಣಕ್ಕೆ ಹೋಗಿ, ಕೋಟೆ ಒಡೆದ ಜಾಗದಲ್ಲಿ ಒಂದು ಗಂಟೆ ಕೂತು ಬಂದೆ. ಕೆಳಗೆ ಕಾವೇರಿ ಬಂಡೆಗಳ ನಡುವೆ ಅಲ್ಲಲ್ಲಿ ಹರಿಯುತ್ತಿತ್ತು. ದನ ಕಾಯುವ ಹುಡುಗರು ಮೊಳಕಾಲು ನೆನೆಯದಂತೆ ದಾಟುತ್ತಿದ್ದರು. ಆ ಯುದ್ಧದ ಮರ್ಮ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯಿತು. ಮುಂಗಾರು ಹಿಡಿದು ಹೊಳೆ ತುಂಬುವವರೆಗೆ ಕೋಟೆ ನಿಂತಿದ್ದರೆ, ದಂಡನಾಯಕ ಹ್ಯಾರಿಸ್ ಮುತ್ತಿಗೆಯನ್ನು ಎತ್ತಬೇಕಾಗುತ್ತಿತ್ತು. ಅವನ ದಂಡಿನಲ್ಲಿ ದವಸ ತೀರುತ್ತ ಬಂದಿತ್ತು. ಮಳೆ ಬರಲಿಲ್ಲ. ಮೇ ೪ರ ಶನಿವಾರ ಮಧ್ಯಾಹ್ನ, ಊಟದ ಹೊತ್ತು ಕಳೆದು ಸುಮಾರು ಒಂದು ಗಂಟೆಗೆ, ಡೇವಿಡ್ ಬೇರ್ಡನ ಪಡೆ ಆ ಬತ್ತಿದ ಹೊಳೆಯನ್ನು ದಾಟಿತು. ಈ ಬೇರ್ಡ್ ಹಿಂದೊಮ್ಮೆ ಇದೇ ಕೋಟೆಯಲ್ಲಿ ಮೂರೂವರೆ ವರ್ಷಕ್ಕೂ ಮೇಲ್ಪಟ್ಟು ಸೆರೆಯಾಗಿದ್ದವನು. ಸಂಜೆಯೊಳಗೆ ಎಲ್ಲವೂ ಮುಗಿಯಿತು. ರಾತ್ರಿ ದೀವಟಿಗೆ ಹಿಡಿದು ಹುಡುಕಿದಾಗ ಸುಲ್ತಾನನ ದೇಹ ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಸಿಕ್ಕಿತು. ಅವನು ಓಡಿಹೋಗಿರಲಿಲ್ಲ.

ಅದೇ ದಿನ ನೆಪೋಲಿಯನ್ ಪ್ಯಾಲೆಸ್ತೀನಿನ ಆಕ್ರ ಕೋಟೆಯ ಮುಂದೆ ಇದೇ ಬಗೆಯ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದ. ಅಲ್ಲಿ ಗೋಡೆ ಗೆದ್ದಿತು, ಮುತ್ತಿದವನು ಸೋತ. ಪ್ಲೇಗಿನಿಂದ ಸವೆದ ಸೈನ್ಯವನ್ನು ಮೇ ೨೦ರಂದು ಹಿಂದಕ್ಕೆ ತಿರುಗಿಸಿದ. ತಾನು ಕಾಗದ ಬರೆದಿದ್ದ ಸುಲ್ತಾನ ಮಣ್ಣಾಗಿ ಎರಡು ವಾರ ಮೀರಿತ್ತೆಂದು ಅವನಿಗೇನು ಗೊತ್ತು? ಶ್ರೀರಂಗಪಟ್ಟಣದ ಸುದ್ದಿ ಲಂಡನ್ನಿಗೆ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಆ ಕಾಲದಲ್ಲಿ ಜನ ಬದುಕುತ್ತಿದ್ದುದು ನಾಲ್ಕು ತಿಂಗಳ ಹಿಂದಿನ ಲೋಕದಲ್ಲಿ.

ಅದೇ ಮೇ ೨೦ರಂದು ಫ್ರಾನ್ಸಿನ ತೂರ್ ನಗರದಲ್ಲಿ ಬಾಲ್ಜಾಕ್ ಹುಟ್ಟಿದ. ಜೂನ್ ೬ರಂದು ಮಾಸ್ಕೋದಲ್ಲಿ ಪುಷ್ಕಿನ್. ಅದರ ಹಿಂದಿನ ದಿನ ಸ್ಪೇನಿನ ರೇವಿನಿಂದ ಹುಂಬೋಲ್ಟ್ ಎಂಬ ಜರ್ಮನ್ ವಿಜ್ಞಾನಿ ತನ್ನ ಉಪಕರಣಗಳ ಪೆಟ್ಟಿಗೆಗಳೊಡನೆ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದ. ಯಾವ ಮೇಷ್ಟ್ರೂ ಇವನ್ನು ಕೂಗಿಸಲಿಲ್ಲ.

ಈಗ ನನ್ನನ್ನು ಬಹಳ ದಿನ ಕಾಡಿದ ತೇದಿಗೆ ಬರುತ್ತೇನೆ: ಜೂನ್ ೨೨. ಅಂದು ಟಿಪ್ಪುವಿನ ರಾಜ್ಯವನ್ನು ಪಾಲುಮಾಡುವ ಕರಾರಾಯಿತು. ಕನ್ನಡ ಕರಾವಳಿ, ಕೊಯಮತ್ತೂರು, ವೈನಾಡುಗಳು ಕಂಪನಿಗೆ. ಈಶಾನ್ಯದ ಸೀಮೆಗಳು ನಿಜಾಮನಿಗೆ. ನಡುವೆ ಉಳಿದದ್ದು ಐದು ವರ್ಷವೂ ತುಂಬದ ಕೃಷ್ಣರಾಜ ಒಡೆಯರಿಗೆ. ಎಂಟು ದಿನಗಳ ಮೇಲೆ ಮೈಸೂರಿನಲ್ಲಿ ಆ ಮಗುವಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಕನ್ನಡ ನಾಡು ಹರಿದುಹಂಚಿದ್ದೆಲ್ಲ ಅಂದೇ ಎನ್ನಲಾರೆ. ಅದಕ್ಕೆ ಮುಂಚೆಯೂ ಹರಿದಿತ್ತು, ಆಮೇಲೂ ಹರಿಯಿತು. ಆದರೆ ಮಂಗಳೂರಿನವರೂ ಮೈಸೂರಿನವರೂ ಬೇರೆ ಬೇರೆ ಸರ್ಕಾರಗಳ ಪ್ರಜೆಗಳಾದದ್ದು ಆ ಕಾಗದದಿಂದ.

ಅದೇ ಜೂನ್ ೨೨ರಂದು ಪ್ಯಾರಿಸಿನ ದಫ್ತರಖಾನೆಯಲ್ಲಿ ಪ್ಲಾಟಿನಮ್ಮಿನ ಒಂದು ಪಟ್ಟಿಯನ್ನೂ ಒಂದು ತೂಕದ ಗುಂಡನ್ನೂ ಭದ್ರವಾಗಿ ಇಟ್ಟರು. ಒಂದು ಮೀಟರು, ಇನ್ನೊಂದು ಕಿಲೋಗ್ರಾಮು. ಡೆಲಾಂಬ್ರ್, ಮೆಶೇನ್ ಎಂಬಿಬ್ಬರು ಖಗೋಳಜ್ಞರು ಡಂಕರ್ಕಿನಿಂದ ಬಾರ್ಸಿಲೋನದವರೆಗೆ, ಕ್ರಾಂತಿಯ ಗಲಭೆಯ ನಡುವೆ, ಆರೇಳು ವರ್ಷ ನೆಲವನ್ನು ಅಳೆದು ಕಂಡುಕೊಂಡ ಮಾನ ಅದು. ಧ್ರುವದಿಂದ ಭೂಮಧ್ಯರೇಖೆಗೆ ಇರುವ ದೂರದ ಕೋಟಿಯಲ್ಲೊಂದು ಪಾಲು. ಯಾವ ದೊರೆಯ ಮೊಳವೂ ಅಲ್ಲದ, ಭೂಮಿಯದೇ ಆದ ಅಳತೆ ಎಲ್ಲ ಜನಕ್ಕೂ ಇರಲೆಂಬುದು ಅವರ ಆಸೆ. ಲೆಕ್ಕದಲ್ಲಿ ಕೂದಲೆಳೆಯಷ್ಟು ತಪ್ಪಿತ್ತೆಂದು ಆಮೇಲೆ ತಿಳಿಯಿತು. ಮೀಟರು ಮಾತ್ರ ಹಾಗೆಯೇ ಉಳಿಯಿತು.

ಅಳತೆಯ ಹುಚ್ಚು ನಮ್ಮ ಕಡೆಗೂ ಬಂದದ್ದು ಅದೇ ವರ್ಷ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಯುದ್ಧ ಮುಗಿದೊಡನೆ ದಕ್ಷಿಣ ದೇಶವನ್ನೆಲ್ಲ ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟ. ೧೮೦೦ರಲ್ಲಿ ಬೆಂಗಳೂರಿನ ಬಳಿ ಮೊದಲ ಸರಪಣಿ ಎಳೆದ. ಮುಂದೆ ಹಿಮಾಲಯದ ಶಿಖರಗಳ ಎತ್ತರವನ್ನು ಗೊತ್ತುಮಾಡಿದ ಮಹಾಮೋಜಣಿಯ ಬೀಜ ಇದು. ವಿಜ್ಞಾನವೇನೋ ಹೌದು, ಗೆದ್ದ ನೆಲ ಎಷ್ಟೆಂದು ತಿಳಿಯುವ ಆತುರವೂ ಹೌದು.

ಜುಲೈ ತಿಂಗಳಲ್ಲಿ ಹದಿನೆಂಟರ ಹರೆಯದ ರಣಜಿತ್ ಸಿಂಗ್ ಲಾಹೋರನ್ನು ಹಿಡಿದ. ದಕ್ಷಿಣದಲ್ಲಿ ಒಂದು ರಾಜ್ಯ ಮುಳುಗಿದ ಎರಡು ತಿಂಗಳಿಗೆ ಉತ್ತರದಲ್ಲಿ ಒಂದು ತಲೆಯೆತ್ತಿತು. ಅದೇ ತಿಂಗಳು ಈಜಿಪ್ಟಿನ ರೊಸೆಟ್ಟದ ಹತ್ತಿರ ಹಳೆಯ ಕೋಟೆಯನ್ನು ದುರಸ್ತಿಮಾಡುತ್ತಿದ್ದ ಫ್ರೆಂಚ್ ಸಿಪಾಯಿಗಳಿಗೆ ಮೂರು ಬಗೆಯ ಬರಹವಿದ್ದ ಕಪ್ಪು ಕಲ್ಲೊಂದು ದೊರೆಯಿತು. ೧೮೨೨ರಲ್ಲಿ ಶಾಂಪೋಲಿಯನ್ ಅದರ ನೆರವಿನಿಂದ ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ. ನೆಪೋಲಿಯನ್ನನ ಆ ದಂಡಯಾತ್ರೆಯಲ್ಲಿ ಲೋಕಕ್ಕೆ ಉಳಿದ ಲಾಭವೆಂದರೆ ಬಹುಶಃ ಆ ಕಲ್ಲೇ. ಅವನು ಮಾತ್ರ ಆಗಸ್ಟಿನಲ್ಲಿ ಸೈನ್ಯವನ್ನು ಅಲ್ಲೇ ಬಿಟ್ಟು ಕದ್ದು ಹೊರಟು, ನವೆಂಬರ್ ೯ರಂದು ಪ್ಯಾರಿಸಿನಲ್ಲಿ ಅಧಿಕಾರವನ್ನು ಕಸಿದುಕೊಂಡ.

ಡಿಸೆಂಬರ್ ೧೪ರಂದು ಅಮೆರಿಕದಲ್ಲಿ ಅರವತ್ತೇಳು ವರ್ಷದ ವಾಷಿಂಗ್ಟನ್ ಗಂಟಲಿನ ಬೇನೆಯಿಂದ, ವೈದ್ಯರು ಮೇಲಿಂದ ಮೇಲೆ ರಕ್ತ ತೆಗೆದದ್ದರಿಂದ ಇನ್ನಷ್ಟು ಬಳಲಿ, ಪ್ರಾಣಬಿಟ್ಟ. ೧೭೮೧ರಲ್ಲಿ ಅವನಿಗೆ ಸೋತ ಕಾರ್ನ್‌ವಾಲಿಸನೇ ೧೭೯೨ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು. ವರ್ಷದ ಕೊನೆಯ ದಿನ, ಡಿಸೆಂಬರ್ ೩೧ಕ್ಕೆ, ಇನ್ನೂರು ವರ್ಷದ ಹತ್ತಿರ ಬಾಳಿದ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿತು. ಇಂಗ್ಲಿಷರ ಕಂಪನಿ ಅದನ್ನು ನೋಡಿ ಪಾಠ ಕಲಿತಂತೆ ಕಾಣುವುದಿಲ್ಲ.

ಮೇಷ್ಟ್ರು ಕೇಳಿಸದ ಉತ್ತರ ಇಷ್ಟು. ಕೊನೆಗೆ ಒಂದು ಮನೆಯ ಮಾತು. ಜೂನ್ ೨೨ರಂದು ಕತ್ತರಿಸಿದ ಕರಾವಳಿ ಮೈಸೂರನ್ನು ಮತ್ತೆ ಕೂಡಿದ್ದು ೧೯೫೬ರ ನವೆಂಬರಿನಲ್ಲಿ. ಅದೇ ದಿನ ಪ್ಯಾರಿಸಿನಲ್ಲಿ ಇಟ್ಟ ಮೀಟರು ಕಾನೂನಿನ ಮೂಲಕ ಭಾರತಕ್ಕೆ ಬಂದದ್ದೂ ೧೯೫೬ರಲ್ಲೇ, ಎರಡು ತಿಂಗಳೊಳಗಿನ ಅಂತರದಲ್ಲಿ. ನೂರೈವತ್ತೇಳು ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದ ಎರಡು ಕೆಲಸಗಳು ಹೀಗೆ ಒಂದೇ ವರ್ಷ ನಮ್ಮ ಮನೆಬಾಗಿಲಿಗೆ ಬಂದವು. ನಮ್ಮ ತಂದೆಯವರದು ಬಟ್ಟೆ ಅಂಗಡಿ. ನಾನು "ಟಿಪ್ಪು ಸುಲ್ತಾನನ ಮರಣ" ಎಂದು ಕೂಗುತ್ತಿದ್ದ ಕಾಲಕ್ಕೆ ಅಲ್ಲಿ ಗಜದ ಕೋಲು ಮೂಲೆಗೆ ಸೇರಿ, ಹಿತ್ತಾಳೆಯ ತುದಿಯ ಹೊಸ ಮೀಟರು ಕೋಲು ಬಂದಿತ್ತು. ಗಿರಾಕಿಗಳು ಅದನ್ನು ಅನುಮಾನದಿಂದ ನೋಡಿ, "ಹಳೇ ಕೋಲಿನಲ್ಲೇ ಅಳೀರಿ ಸ್ವಾಮಿ" ಎನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ದಿನವೂ ಆ ಕೋಲನ್ನು ಒರೆಸಿ ಗೋಡೆಗೆ ಒರಗಿಸಿ ಇಡುವ ಕೆಲಸ ನನ್ನದಾಗಿತ್ತು. ೧೭೯೯ರಲ್ಲಿ ಬೇರೆಲ್ಲಿ ಏನಾಯಿತೆಂಬುದರ ಉತ್ತರ ಆಗಲೇ ನನ್ನ ಕೈಯಲ್ಲಿತ್ತು.