ಯಾವುದು ಬಾಡಿಗೆಗೆ, ಯಾವುದು ಸ್ವಂತಕ್ಕೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಇಂದಿನ ವ್ಯಾಪಾರಸ್ಥರು ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು: ಕಂಪ್ಯೂಟರ್ ಕೋಣೆ ಕಟ್ಟಿ ನೋಡು! ಯಂತ್ರಗಳನ್ನು ಕೊಳ್ಳಬೇಕು, ಅವು ಬಿಸಿಯೇರದಂತೆ ಹಗಲಿರುಳು ಕೋಣೆಯನ್ನು ತಂಪಾಗಿಡಬೇಕು, ವಿದ್ಯುತ್ತು ಕೈಕೊಟ್ಟರೆ ಜನರೇಟರ್ ಇರಬೇಕು, ನಡುರಾತ್ರಿಯಲ್ಲಿ ಕೆಟ್ಟರೆ ಓಡಿಬರುವ ಜನ ಬೇಕು. ಇಷ್ಟಾದರೂ, ಹಬ್ಬದ ದಿನಗಳ ನೂಕುನುಗ್ಗಲಿಗೆಂದು ಕೊಂಡ ಯಂತ್ರಗಳು ವರ್ಷದ ಉಳಿದ ದಿನಗಳಲ್ಲಿ ಸುಮ್ಮನೆ ಕುಳಿತಿರುತ್ತವೆ.

ಈ ಭಾರವನ್ನು ಇಳಿಸಿಕೊಳ್ಳಲು ಕಂಡುಕೊಂಡ ಉಪಾಯಕ್ಕೆ ‘ಕ್ಲೌಡ್’ ಎಂದು ಹೆಸರು. ಹೆಸರು ಮುಗಿಲಿನದಾದರೂ ವಸ್ತು ಇರುವುದು ನೆಲದ ಮೇಲೆಯೇ. ಯಾವುದೋ ಊರಿನ ಭಾರಿ ಕಟ್ಟಡವೊಂದರಲ್ಲಿ ಯಂತ್ರಗಳು ಸಾಲುಸಾಲಾಗಿ ನಿಂತಿರುತ್ತವೆ. ಬೇಕಾದವರು ಇಂಟರ್‌ನೆಟ್ಟಿನ ಮೂಲಕ ಅವನ್ನು ಬೇಕಾದಷ್ಟು ಹೊತ್ತು ಬಳಸಿ, ಬಳಸಿದಷ್ಟಕ್ಕೆ ಹಣ ತೆರುತ್ತಾರೆ. ಸ್ವಂತ ಮನೆಯ ಗೊಡವೆ ಬಿಟ್ಟು ವಠಾರದಲ್ಲಿ ಬಾಡಿಗೆಗೆ ಇದ್ದಂತೆ.

ಈ ಆಲೋಚನೆ ಹೊಸದೇನೂ ಅಲ್ಲ. ೧೯೬೧ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಶತಮಾನೋತ್ಸವದ ಸಂದರ್ಭದಲ್ಲಿ ಮಾತನಾಡುತ್ತ, ಗಣಕ ವಿಜ್ಞಾನಿ ಜಾನ್ ಮೆಕಾರ್ಥಿ ಅವರು ಟೆಲಿಫೋನಿನಂತೆ ಕಂಪ್ಯೂಟರಿನ ಸೇವೆಯೂ ಮುಂದೊಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದೆಂದು ಸೂಚಿಸಿದ್ದರು. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ, ಬಹು ದುಬಾರಿಯಾದ ವಸ್ತು. ಒಂದೇ ಯಂತ್ರದ ಹೊತ್ತನ್ನು ಹಲವರು ಹಂಚಿಕೊಳ್ಳುವ ‘ಟೈಂ ಷೇರಿಂಗ್’ ಪದ್ಧತಿ ಆ ದಶಕದಲ್ಲಿಯೇ ಬಳಕೆಗೆ ಬಂದಿತು. ಆದರೆ ಮುಂದೆ ಯಂತ್ರ ಅಗ್ಗವಾಗಿ, ಪ್ರತಿಯೊಬ್ಬನ ಮೇಜಿನ ಮೇಲೂ ಬಂದು ಕುಳಿತಾಗ, ಹಂಚಿಕೊಳ್ಳುವ ಮಾತು ಹಿಂದಕ್ಕೆ ಸರಿಯಿತು.

ಆ ಮಾತಿಗೆ ಮತ್ತೆ ಜೀವ ಬಂದದ್ದು ೨೦೦೬ರಲ್ಲಿ. ಪುಸ್ತಕ ಮಾರಾಟದಿಂದ ವ್ಯಾಪಾರ ಆರಂಭಿಸಿದ ಅಮೆಜಾನ್ ಕಂಪನಿ, ಆ ವರ್ಷ ಮಾರ್ಚ್ ತಿಂಗಳಲ್ಲಿ ಮಾಹಿತಿಯನ್ನು ಕೂಡಿಡುವ ‘ಎಸ್-ತ್ರೀ’ ಎಂಬ ಉಗ್ರಾಣವನ್ನೂ, ಆಗಸ್ಟಿನಲ್ಲಿ ‘ಇಸಿ-ಟೂ’ ಎಂಬ ಬಾಡಿಗೆ ಕಂಪ್ಯೂಟರನ್ನೂ ಹೊರಗಿನವರಿಗೆ ತೆರೆಯಿತು. ಚಿಕ್ಕ ಯಂತ್ರವೊಂದಕ್ಕೆ ಗಂಟೆಗೆ ೧೦ ಸೆಂಟು ಬಾಡಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಇಲ್ಲಿ ಕಾಲು ಚಾಚಿದಷ್ಟೂ ಹಾಸಿಗೆ ಬೆಳೆಯತೊಡಗಿತು. ಹಣ ತೆರುವ ಶಕ್ತಿಯಿದ್ದರೆ ಮಾತ್ರ, ಅನ್ನಿ.

ಬಾಡಿಗೆಗೆ ಹೋಗುವುದೂ ಒಂದು ವಿವೇಕದ ಕೆಲಸವೆಂಬುದಕ್ಕೆ ನೆಟ್‌ಫ್ಲಿಕ್ಸ್ ಕಂಪನಿಯ ಚರಿತ್ರೆ ಒಳ್ಳೆಯ ನಿದರ್ಶನ. ೧೯೯೭ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಕಂಪನಿ ಸಿನಿಮಾ ಡಿವಿಡಿಗಳನ್ನು ಅಂಚೆಯಲ್ಲಿ ಕಳುಹಿಸುತ್ತಿತ್ತು. ೨೦೦೭ರಲ್ಲಿ ಇಂಟರ್‌ನೆಟ್ಟಿನ ಮೂಲಕವೂ ಚಿತ್ರ ತೋರಿಸತೊಡಗಿತು. ಯಂತ್ರಗಳೆಲ್ಲ ಸ್ವಂತದವು. ೨೦೦೮ರ ಆಗಸ್ಟಿನಲ್ಲಿ ಅದರ ಮುಖ್ಯ ಮಾಹಿತಿ ಭಂಡಾರವೇ ಕೆಟ್ಟುಹೋಗಿ, ಮೂರು ದಿನ ಸದಸ್ಯರಿಗೆ ಡಿವಿಡಿ ಕಳುಹಿಸಲು ಸಾಧ್ಯವಾಗಲಿಲ್ಲ. ಒಂದೇ ಕಂಬದ ಮೇಲೆ ಇಡೀ ಮನೆಯನ್ನು ನಿಲ್ಲಿಸಿದ್ದರ ಫಲವಿದು ಎಂದು ಅದರ ಎಂಜಿನಿಯರುಗಳಿಗೆ ಮನವರಿಕೆಯಾಯಿತು. ಅಮೆಜಾನಿನ ಆಸರೆಗೆ ಹೋಗುವ ನಿರ್ಧಾರ ಹುಟ್ಟಿದ್ದು ಹೀಗೆ. ಹಣ ಉಳಿಸುವುದು ಅದರ ಮುಖ್ಯ ಉದ್ದೇಶವಾಗಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಇದ್ದುದನ್ನು ಇದ್ದಂತೆಯೇ ಗಾಡಿಗೇರಿಸಿ ಸಾಗಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಹಳೆಯ ಸಾಮಾನಿನ ಜೊತೆಗೆ ಹಳೆಯ ದೋಷಗಳೂ ಹೊಸ ಮನೆಗೆ ಬರುತ್ತಿದ್ದವು. ಆದ್ದರಿಂದ ಅವರು ತಮ್ಮ ವ್ಯವಸ್ಥೆಯನ್ನು ಬಹುಮಟ್ಟಿಗೆ ಹೊಸದಾಗಿಯೇ ಬರೆದರು. ಒಂದು ಭಾಗ ಕುಸಿದರೆ ಉಳಿದವು ನಿಲ್ಲುವಂತೆ ಸಣ್ಣ ಸಣ್ಣ ಭಾಗಗಳಾಗಿ ಒಡೆದರು. ನಡೆಯುತ್ತಿರುವ ಯಂತ್ರಗಳನ್ನು ಬೇಕೆಂದೇ ಅಲ್ಲೊಂದು ಇಲ್ಲೊಂದು ನಿಲ್ಲಿಸಿಬಿಡುವ ‘ಕೇಯಾಸ್ ಮಂಕಿ’ ಎಂಬ ಕಪಿಯೊಂದನ್ನೂ ಸಾಕಿದರು! ಅಪಾಯ ಬರುವ ಮುನ್ನವೇ ಅದರ ಅಭ್ಯಾಸವಾಗಲೆಂಬುದು ಈ ಕಪಿಚೇಷ್ಟೆಯ ಉದ್ದೇಶ. ಏಳು ವರ್ಷಗಳ ಈ ಸ್ಥಳಾಂತರ ೨೦೧೬ರ ಜನವರಿಯಲ್ಲಿ ಮುಗಿಯಿತು. ಅದೇ ತಿಂಗಳು ಕಂಪನಿಯು ಭಾರತವೂ ಸೇರಿದಂತೆ ೧೩೦ಕ್ಕೂ ಹೆಚ್ಚು ದೇಶಗಳಿಗೆ ಒಮ್ಮೆಗೇ ಕಾಲಿಟ್ಟಿತು.

ಬಾಡಿಗೆ ಮನೆಯ ಕಷ್ಟಗಳು ಅವರಿಗೆ ತಟ್ಟದೆ ಇರಲಿಲ್ಲ. ೨೦೧೨ರ ಡಿಸೆಂಬರ್ ೨೪ರಂದು, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಮನೆಮಂದಿಯೆಲ್ಲ ಕುಳಿತು ಚಿತ್ರ ನೋಡುವ ಹೊತ್ತಿಗೆ, ಅಮೆಜಾನಿನಲ್ಲಿ ಕೆಲವು ಮಾಹಿತಿ ತಪ್ಪಿ ಅಳಿಸಿಹೋಗಿ ನೆಟ್‌ಫ್ಲಿಕ್ಸ್ ಅನೇಕರ ಮನೆಗಳಲ್ಲಿ ನಿಂತುಹೋಯಿತು. ಮಾಲೀಕನ ಕೈತಪ್ಪು, ಬಾಡಿಗೆದಾರನಿಗೆ ಕತ್ತಲೆ. ಆ ಮೇಲೆ ಅವರು ಒಂದೇ ಪ್ರದೇಶದ ಯಂತ್ರಗಳನ್ನು ನಂಬದೆ, ಬೇರೆ ಬೇರೆ ಪ್ರದೇಶಗಳಲ್ಲಿ ಏಕಕಾಲಕ್ಕೆ ನಡೆಯುವ ಏರ್ಪಾಡು ಮಾಡಿಕೊಂಡರು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಬಾಡಿಗೆ ವಸೂಲು ಮಾಡುತ್ತಿದ್ದ ಅಮೆಜಾನ್ ೨೦೧೧ರಿಂದ ತಾನೇ ತನ್ನ ಸದಸ್ಯರಿಗೆ ಚಿತ್ರ ತೋರಿಸತೊಡಗಿತು. ಮಾಲೀಕನೇ ಎದುರಂಗಡಿಯನ್ನೂ ತೆರೆದಂತಾಯಿತು. ನೆಟ್‌ಫ್ಲಿಕ್ಸ್ ಓಡಿಹೋಗಲಿಲ್ಲ. ಆದರೆ ಚಿತ್ರಗಳನ್ನು ಮನೆಮನೆಗೆ ಹರಿಸುವ ಕೆಲಸವನ್ನು ಮಾತ್ರ ತನ್ನ ಕೈಯಲ್ಲಿಯೇ ಇಟ್ಟುಕೊಂಡಿತು. ೨೦೧೨ರಲ್ಲಿ ‘ಓಪನ್ ಕನೆಕ್ಟ್’ ಎಂಬ ಹೆಸರಿನಿಂದ ಅದು ಪ್ರಕಟಿಸಿದ ವ್ಯವಸ್ಥೆಯಲ್ಲಿ, ಚಿತ್ರಗಳನ್ನು ತುಂಬಿದ ಅದರ ಸ್ವಂತ ಯಂತ್ರಗಳು ಊರೂರಿನ ಇಂಟರ್‌ನೆಟ್ ಕಂಪನಿಗಳ ಕಟ್ಟಡಗಳಲ್ಲಿಯೇ ಕುಳಿತಿರುತ್ತವೆ. ಲೆಕ್ಕಪತ್ರ, ಹುಡುಕಾಟ, ಶಿಫಾರಸು ಎಲ್ಲ ಬಾಡಿಗೆ ಮನೆಯಲ್ಲಿ. ಜೀವನಾಡಿಯಾದ ಕಸುಬು ಮಾತ್ರ ಸ್ವಂತದ್ದು.

ಡ್ರಾಪ್‌ಬಾಕ್ಸ್ ಕಂಪನಿ ನಡೆದದ್ದು ಇದಕ್ಕೆ ಎದುರಾದ ದಾರಿ. ಜನರ ಕಡತಗಳನ್ನು ಕಾಪಾಡುವುದೇ ಅದರ ವ್ಯಾಪಾರ; ಆರಂಭದಲ್ಲಿ ಆ ಕಡತಗಳನ್ನು ಅದು ಇಟ್ಟಿದ್ದು ಅಮೆಜಾನಿನ ಉಗ್ರಾಣದಲ್ಲಿ. ಕೈಯಲ್ಲಿ ಬಂಡವಾಳವಿಲ್ಲದಾಗ ಅದು ಸರಿಯಾದ ಕ್ರಮವೇ. ಆದರೆ ಗಿರಾಕಿಗಳು ಕೋಟಿಗಟ್ಟಲೆಯಾದ ಮೇಲೆ, ಕಣಜದ ವ್ಯಾಪಾರಿಯೇ ಕಣಜಕ್ಕೆ ಬಾಡಿಗೆ ಕೊಡುವುದೇಕೆ ಎಂಬ ಪ್ರಶ್ನೆ ಎದ್ದಿತು. ೨೦೧೫ರ ಅಕ್ಟೋಬರ್ ವೇಳೆಗೆ ಶೇಕಡ ೯೦ರಷ್ಟು ಮಾಹಿತಿಯನ್ನು ಅದು ತನ್ನ ಸ್ವಂತ ಯಂತ್ರಗಳಿಗೆ ಸಾಗಿಸಿತ್ತು. ೨೦೧೮ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಕೊಟ್ಟ ದಾಖಲೆಯ ಪ್ರಕಾರ, ಎರಡು ವರ್ಷಗಳಲ್ಲಿ ಇದರಿಂದ ಸುಮಾರು ಏಳೂವರೆ ಕೋಟಿ ಡಾಲರುಗಳಷ್ಟು ವೆಚ್ಚ ಇಳಿದಿತ್ತು.

ಒಬ್ಬರು ಒಳಗೆ ಹೋದರು, ಒಬ್ಬರು ಹೊರಗೆ ಬಂದರು. ಮೇಲ್ನೋಟಕ್ಕೆ ವಿರುದ್ಧವಾಗಿ ಕಂಡರೂ ಇಬ್ಬರೂ ಕೇಳಿಕೊಂಡ ಪ್ರಶ್ನೆ ಒಂದೇ: ನಮ್ಮ ನಿಜವಾದ ಕಸುಬು ಯಾವುದು? ಎಲ್ಲರಿಗೂ ಬೇಕಾದ, ಎಲ್ಲರದೂ ಒಂದೇ ಬಗೆಯಾದ ಕೆಲಸವನ್ನು ಬಾಡಿಗೆಗೆ ಪಡೆದರೆ ನಷ್ಟವಿಲ್ಲ. ತನ್ನ ಬಾಳುವೆ ಯಾವುದರ ಮೇಲೆ ನಿಂತಿದೆಯೋ ಅದನ್ನು ಪರರ ಕೈಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು.

ಈ ಯೋಚನೆ ನಮ್ಮ ದೇಶಕ್ಕೆ ದೂರದ್ದಲ್ಲ. ಅಮೆಜಾನ್ ೨೦೧೬ರಲ್ಲಿ ಮುಂಬಯಿಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಹಣಪಾವತಿಯ ಮಾಹಿತಿಯನ್ನು ಭಾರತದಲ್ಲಿಯೇ ಇಡಬೇಕೆಂದು ರಿಸರ್ವ್ ಬ್ಯಾಂಕು ೨೦೧೮ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು. ಆದರೆ ಯಂತ್ರ ಎಲ್ಲಿದೆ ಎಂಬುದಷ್ಟೇ ಅಲ್ಲ, ಬೀಗದ ಕೈ ಯಾರ ಬಳಿ ಇದೆ ಎಂಬುದೂ ಮುಖ್ಯವೆಂದು ೨೦೨೫ರ ಜುಲೈ ತೋರಿಸಿಕೊಟ್ಟಿತು. ಗುಜರಾತಿನ ವಾಡಿನಾರಿನಲ್ಲಿ ತೈಲ ಸಂಸ್ಕರಣಾಗಾರವನ್ನು ನಡೆಸುವ ನಯಾರಾ ಎನರ್ಜಿ ಕಂಪನಿಗೆ, ಐರೋಪ್ಯ ಒಕ್ಕೂಟದ ನಿರ್ಬಂಧಗಳ ಹಿನ್ನೆಲೆಯಲ್ಲಿ, ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿನ ಮೊರೆಹೋಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಬಾಡಿಗೆ ಬಾಕಿಯ ಜಗಳವಲ್ಲ ಅದು. ಸಾವಿರಾರು ಮೈಲಿ ದೂರದಲ್ಲಿ ಆದ ತೀರ್ಮಾನವೊಂದು ಇಲ್ಲಿಯ ಕಚೇರಿಯ ಬಾಗಿಲಿಗೆ ಬಂದು ನಿಂತಿತ್ತು.

ಇಷ್ಟರಿಂದ ಬಾಡಿಗೆಯೇ ಬೇಡವೆನ್ನುವುದು ಜಾಣತನವಲ್ಲ. ಹತ್ತು ಜನರ ಸಣ್ಣ ಕಂಪನಿಯೊಂದು ಇಂದು ದೊಡ್ಡವರಿಗೆ ಸರಿಸಮನಾದ ಯಂತ್ರಶಕ್ತಿಯನ್ನು ಗಂಟೆಗಳ ಲೆಕ್ಕದಲ್ಲಿ ಪಡೆಯುವುದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಮನೆ ಹಿಡಿಯುವಾಗ ನಾವು ಏನೇನು ವಿಚಾರಿಸುತ್ತೇವೆ! ನೀರು ಬರುತ್ತದೆಯೇ, ಮಾಲೀಕ ಎಂಥವನು, ಬಿಡುವಾಗ ಮುಂಗಡ ಹಿಂದಕ್ಕೆ ಕೊಡುತ್ತಾನೆಯೇ, ಸಾಮಾನು ಸಾಗಿಸಲು ದಾರಿಯಿದೆಯೇ? ಕ್ಲೌಡಿಗೆ ಹೋಗುವ ವ್ಯಾಪಾರಸ್ಥನೂ ಇವೇ ಪ್ರಶ್ನೆಗಳನ್ನು ಕೇಳಿದರೆ ಸಾಕು. ಒಳಹೋಗುವ ದಿನವೇ ಹೊರಬರುವ ಬಾಗಿಲನ್ನು ನೋಡಿಟ್ಟುಕೊಂಡವನಿಗೆ ಬಾಡಿಗೆ ಮನೆಯಲ್ಲಿಯೂ ನೆಮ್ಮದಿಯ ನಿದ್ದೆ ಬರುತ್ತದೆ.