ಆಷಾಢದ ಗಾಳಿಗೆ ಯಾವ ಹಾಯಿ?

ಖರಾಡಿಯ ನಮ್ಮ ಮಹಡಿಯ ಮನೆಯಲ್ಲಿ ಆಷಾಢ ಬಂತೆಂದರೆ ಒಣಹಾಕಿದ ಪಂಚೆ ವಾಘೋಲಿಯತ್ತ ಹಾರಿಹೋಗಲು ಹವಣಿಸುತ್ತದೆ. ಅರಬ್ಬೀ ಸಮುದ್ರವನ್ನು ದಾಟಿ, ಮಳೆಯ ಬಹುಪಾಲನ್ನು ಘಟ್ಟದಲ್ಲೇ ಸುರಿಸಿ ಬಂದ ಗಾಳಿಯದು. ಪಂಚೆಯ ಅಂಚು ಹಿಡಿದೆಳೆಯುವಾಗ ನನಗೆ ಆಕ್ಸಿರಿಂಕಸ್ ಪ್ರಹಸನದ ಹಡಗು ನೆನಪಾಗುತ್ತದೆ. ಈಜಿಪ್ತಿನಲ್ಲಿ ದೊರೆತ ಆ ಗ್ರೀಕ್ ಹಸ್ತಪ್ರತಿಯಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಟ್ಷ್ 1904ರಲ್ಲಿ ಸೂಚಿಸಿದರು. ಅಂದಿನಿಂದ ನಾವು ಆ ಪದಗಳ ಚರ್ಚೆಯಲ್ಲೇ ಇದ್ದೇವೆ. ರಾಜನಿಗೆ ಮದ್ಯ ಕುಡಿಸಿ, ಸೆರೆಯಲ್ಲಿದ್ದ ತರುಣಿಯನ್ನು ಬಿಡಿಸಿಕೊಂಡು ಹೋಗುವ ಹಡಗು ಯಾವ ಹಾಯಿ ಕಟ್ಟಿ ಬಂದಿತ್ತೆಂಬ ಪ್ರಶ್ನೆ ಮಾತ್ರ ಹಿಂದುಳಿದಿದೆ.

ಕ್ರಿ.ಶ. ಮೊದಲ ಶತಮಾನದ 'ಪೆರಿಪ್ಲಸ್' ಇದಕ್ಕೆ ಸುಳಿವು ಕೊಡುತ್ತದೆ. ಹಡಗುಗಳು ಜುಲೈ ಹೊತ್ತಿಗೆ ಈಜಿಪ್ತನ್ನು ಬಿಡುತ್ತಿದ್ದವು. ಈ ಗಾಳಿಯ ಪಯಣ ಕಠಿಣ, ಆದರೆ ದಾರಿ ಹ್ರಸ್ವ. ಕೆಂಪು ಸಮುದ್ರದ ಬಾಯಲ್ಲಿರುವ ಒಕೇಲಿಸ್‌ನಿಂದ ಮುಜಿರಿಸ್‌ಗೆ 40 ದಿನವೆಂದು ಪ್ಲಿನಿ ಬರೆಯುತ್ತಾನೆ. ಅಷ್ಟು ದಿನ ಹಿಂಗಾಳಿಯಲ್ಲಿ ಓಡುವವನಿಗೆ ವೇಗದ ಚಿಂತೆಯಿಲ್ಲ, ವೇಗವನ್ನು ಕಳೆಯುವುದೇ ಚಿಂತೆ. ಮೆಡಿಟರೇನಿಯನ್ನಿನ ಚೌಕಹಾಯಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಡ್ಡಮರದ ಎರಡೂ ತುದಿಗಳನ್ನು ಹಗ್ಗಗಳು ಬಿಗಿಹಿಡಿದಿರುವುದರಿಂದ ಹಾಯಿ ಫಕ್ಕನೆ ಮಗುಚಿಕೊಳ್ಳದು. ಬಿರುಗಾಳಿ ಎದ್ದರೆ, ಹಾಯಿಯ ಮೈಮೇಲೆ ಬಳೆಗಳೊಳಗೆ ಹಾದ ಹುರಿಗಳನ್ನು ಕೆಳಗಿನಿಂದ ಸೆಳೆದರೆ ಸಾಕು, ಅದು ಕಿಟಕಿಯ ಪರದೆಯಂತೆ ಮೇಲಕ್ಕೆ ಮುದುಡುತ್ತದೆ. ಮುಂದೆ ನಮ್ಮ ಕರಾವಳಿಯ ಪತ್ತೆಮಾರಿಗಳು ಕಟ್ಟಿದ ಓರೆಹಾಯಿ ಪಕ್ಕದ ಗಾಳಿಗೆ ಚುರುಕು. ಆದರೆ ರಭಸದ ಹಿಂಗಾಳಿಯಲ್ಲಿ ಅದರ ನೀಳ ಮರವನ್ನು ಕೂವೆಮರದ ಆಚೆಬದಿಗೆ ದಾಟಿಸುವುದು ಜೀವದ ಮೇಲಿನ ಆಟ.

ಹಿಪ್ಪಾಲಸ್ ಎಂಬ ಗ್ರೀಕ್ ನಾವಿಕ ಈ ಮಾರುತವನ್ನು 'ಕಂಡುಹಿಡಿದ' ಎಂದು ಶಾಲೆಯಲ್ಲಿ ಓದಿದವರಿಗೆ ಒಂದು ಸಣ್ಣ ಅವಮಾನ ಉಳಿದಿರುತ್ತದೆ: ಅವರು ಕಡಲು ದಾಟುವಾಗ ನಮ್ಮವರು ದೋಣಿಗಳನ್ನು ದಡಕ್ಕೆಳೆದು ಕುಳಿತಿದ್ದರೇ? ಕುಳಿತಿದ್ದರೆ ಅದು ಪುಕ್ಕಲುತನವಲ್ಲ. ಅವರಿಗೆ ಹಿಂಗಾಳಿಯಾದದ್ದು ನಮ್ಮ ದಡದಿಂದ ಹೊರಡುವವನಿಗೆ ಎದುರುಗಾಳಿ. ಆಷಾಢದಲ್ಲಿ ಅಳಿವೆಯ ಬಾಯಲ್ಲೇ ತೆರೆ ಮುರಿಯುತ್ತದೆ; ತಪ್ಪಿದ ದೋಣಿಯನ್ನು ಗಾಳಿ ನೇರ ದಡಕ್ಕೆ ಅಪ್ಪಳಿಸುತ್ತದೆ. ಯಾವ ಹಾಯಿಯೂ ಅಲ್ಲಿ ಕೆಲಸಕ್ಕೆ ಬಾರದು. ಗ್ರೀಕರೇನು ಅಳಿವೆಯನ್ನು ಆಷಾಢದಲ್ಲಿ ಹೊಕ್ಕವರಲ್ಲ. ಜುಲೈಯಲ್ಲಿ ಹೊರಟವರು ಕೆಂಪು ಸಮುದ್ರವನ್ನು ಕಳೆದು, ನಡುಗಡಲ ರಭಸವನ್ನು ಆಳ ನೀರಿನಲ್ಲೇ ಉಂಡು, ಗಾಳಿ ಇಳಿಯುವ ಸೆಪ್ಟೆಂಬರಿನ ಸುಮಾರಿಗೆ ದಡ ಕಾಣುತ್ತಿದ್ದರು. ನಮ್ಮ ಹಿಂಗಾಳಿ ಈಶಾನ್ಯದ್ದು, ಚಳಿಗಾಲದ್ದು, ಸೌಮ್ಯವಾದದ್ದು.

ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಉತ್ಖನನದಲ್ಲಿ ಆ ಕಾಲದ ಹಾಯಿಯ ಚಿಂದಿಗಳು ಸಿಕ್ಕವು. ಅವು ಹತ್ತಿಯವು. ನೂಲಿನ ಹುರಿಯ ದಿಕ್ಕನ್ನು ನೋಡಿದ ಪರಿಣತರು ಅದು ಭಾರತದಲ್ಲಿ ನೇಯ್ದ ಬಟ್ಟೆಯಾಗಿರಬೇಕೆನ್ನುತ್ತಾರೆ. ಗಾಳಿಯನ್ನು ಕಂಡುಹಿಡಿದವರ ಹಾಯಿಗೆ ಬಟ್ಟೆ ನಮ್ಮ ಮಗ್ಗದ್ದು!

ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಯಂತ್ರ ಬಂದ ಮೇಲೂ ಮಳೆಗಾಲದಲ್ಲಿ ನಿಲ್ಲುತ್ತವೆ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಪದ್ಧತಿ ಕೊಂಕಣದಲ್ಲಿಯೂ ಇದೆ, ನಮ್ಮ ಕರಾವಳಿಯಲ್ಲಿಯೂ. ಕಡಲಿನಿಂದ ಸುಮಾರು ನೂರು ಕಿಲೋಮೀಟರ್ ಒಳಗಿರುವ ಖರಾಡಿಯಲ್ಲಿ ಅಂದು ಪಕ್ಕದ ಮನೆಯವರು ಬೆಲ್ಲ ಹಾಕಿದ ನಾರಳಿ ಭಾತ್ ತಂದುಕೊಡುತ್ತಾರೆ. ಆ ಹೊತ್ತಿಗೆ ಪಂಚೆಯೂ ಹಗ್ಗದ ಮೇಲೆ ಸುಮ್ಮನೆ ತೂಗುತ್ತಿರುತ್ತದೆ.