ಕೂಡಿ ಕಲಿಯುವ ಪದ್ಧತಿ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕೆಲವು ನಿದರ್ಶನಗಳು

ವಿದ್ಯಾರ್ಥಿಗಳು ಗುಂಪುಗೂಡಿ ಒಂದು ವಿಷಯವನ್ನು ಚರ್ಚಿಸಿ, ಒಬ್ಬರಿಂದೊಬ್ಬರು ಕಲಿಯುವ ಪದ್ಧತಿಗೆ ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ಇಂದು ವಿಶೇಷವಾದ ಮನ್ನಣೆ ದೊರೆತಿದೆ. ಇದು ಪಶ್ಚಿಮ ದೇಶಗಳಿಂದ ಬಂದ ನೂತನ ಕ್ರಮವೆಂದು ಭಾವಿಸುವವರು ಕೆಲವರು. ನಮ್ಮ ಹಿರಿಯರಲ್ಲಿ ಇದೆಲ್ಲವೂ ಇದ್ದಿತೆಂದು ಸಮಾಧಾನಪಡುವವರು ಮತ್ತೆ ಕೆಲವರು. ಈ ಎರಡು ಅಭಿಪ್ರಾಯಗಳನ್ನೂ ಒಂದು ಚಿಕ್ಕ ಪ್ರದೇಶದ ಚರಿತ್ರೆಯೊಡನೆ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚಿತವಾದ ಮಂಡ್ಯ ಜಿಲ್ಲೆಯ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ನಾವು ಇದಕ್ಕಾಗಿ ಆರಿಸಿಕೊಂಡಿದ್ದೇವೆ.

ಪರಿಶೀಲನೆಯ ಸೌಕರ್ಯಕ್ಕಾಗಿ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳಬಹುದು. ಗುಂಪಿನಲ್ಲಿ ಕುಳಿತವರು ಯಾರು? ಅಲ್ಲಿ ಪ್ರಶ್ನೆ ಕೇಳುವ ಅಧಿಕಾರ ಯಾರಿಗಿದ್ದಿತು? ಆಡಿದ ಮಾತು ಯಾವುದಾದರೊಂದು ನಿರ್ಣಯಕ್ಕೆ ಮುಟ್ಟಿತೆ? ಕೂಡಿ ಕುಳಿತ ಮಾತ್ರಕ್ಕೆ ಕೂಡಿ ಕಲಿತಂತಾಗುವುದಿಲ್ಲವೆಂಬುದು ಈ ಪ್ರಶ್ನೆಗಳಿಂದ ಸ್ಪಷ್ಟಪಡುತ್ತದೆ.

1

ಹಳೆಯ ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಮಕ್ಕಳು ಜಗಲಿಯ ಮೇಲೆ ಒಟ್ಟಾಗಿ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಹಿರಿಯ ಹುಡುಗನು ಮಗ್ಗಿಯನ್ನು ಹೇಳಿಕೊಡುತ್ತಿದ್ದನು, ಉಳಿದವರು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ದಕ್ಷಿಣ ಭಾರತದ ಈ ಬಗೆಯ ಪಾಠಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಾಲಯದಲ್ಲಿ ಅದನ್ನು ಪ್ರಯೋಗಿಸಿ, ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿದನು. 1797ರಲ್ಲಿ ಅದರ ವಿವರವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಇದೇ ಇಂಗ್ಲೆಂಡಿನಲ್ಲಿ 'ಮದರಾಸು ಪದ್ಧತಿ' ಎಂದು ಹೆಸರಾಯಿತು. ಆದುದರಿಂದ ಸಹಪಾಠಿಯಿಂದ ಕಲಿಯುವುದು ಪಶ್ಚಿಮದ ಕೊಡುಗೆಯೆಂಬ ಮಾತು ಪೂರ್ಣವಾಗಿ ನಿಲ್ಲುವುದಿಲ್ಲ.

ಆದರೆ ನಮ್ಮ ಮೂರು ಪ್ರಶ್ನೆಗಳಿಗೆ ಕೂಲಿಮಠವು ಕೊಡುವ ಉತ್ತರ ಹೆಮ್ಮೆಪಡತಕ್ಕದ್ದಲ್ಲ. ಜಗಲಿಯನ್ನು ಹತ್ತಲು ಎಲ್ಲ ಜಾತಿಯ ಮಕ್ಕಳಿಗೂ ಅವಕಾಶವಿರಲಿಲ್ಲ. ಹೆಣ್ಣುಮಕ್ಕಳು ಬಹುಮಟ್ಟಿಗೆ ಹೊರಗೇ ಉಳಿದರು. ಒಳಗೆ ಕುಳಿತವರಿಗೂ ಒಪ್ಪಿಸುವ ಕರ್ತವ್ಯವಿದ್ದಿತೇ ಹೊರತು ಕೇಳುವ ಅಧಿಕಾರವಿರಲಿಲ್ಲ. ಲೂಯಿ ರೈಸರ ಸಲಹೆಯಂತೆ 1868ರಿಂದ ಹೋಬಳಿಗೊಂದು ಸರ್ಕಾರಿ ಶಾಲೆಯನ್ನು ಸ್ಥಾಪಿಸುವ ಯೋಜನೆ ಮೈಸೂರು ಸಂಸ್ಥಾನದಲ್ಲಿ ಆರಂಭವಾಯಿತು. ಶಾಲೆಗಳ ಸಂಖ್ಯೆ ಬೆಳೆಯಿತು. ಉರು ಹೊಡೆಯುವ ಅಭ್ಯಾಸ ಮಾತ್ರ ಜಗಲಿಯಿಂದ ಬೆಂಚಿಗೆ ಸ್ಥಳ ಬದಲಾಯಿಸಿತು.

2

ಪ್ರಶ್ನೆಗೆ ಹೆಚ್ಚಿನ ಆದರ ದೊರೆತದ್ದು ಶಾಲೆಯ ಹೊರಗೆ. ಊರಿನ ಗುಡಿಯಲ್ಲೋ ಪಡಸಾಲೆಯಲ್ಲೋ ರಾತ್ರಿಯ ವೇಳೆ ಕುಮಾರವ್ಯಾಸನ ಭಾರತವನ್ನಾಗಲಿ ಲಕ್ಷ್ಮೀಶನ ಜೈಮಿನಿಯನ್ನಾಗಲಿ ಒಬ್ಬರು ಓದಿ, ಮತ್ತೊಬ್ಬರು ಅರ್ಥ ಹೇಳುವ ವಾಡಿಕೆ ಈ ಸೀಮೆಗೆಲ್ಲ ಪರಿಚಿತವಾದುದು. ಮಳೆ ಹಿಂದೆಗೆದಾಗ ವಿರಾಟಪರ್ವವನ್ನು ಓದಿಸುವ ಪದ್ಧತಿಯೂ ಉಂಟು. ಓದು ಬಾರದವರೂ ಕಥೆಯನ್ನು ಬಲ್ಲವರಾಗಿದ್ದುದರಿಂದ, ಕರ್ಣನು ಮಾಡಿದುದು ಸರಿಯೆ, ಧರ್ಮರಾಯನು ತಮ್ಮಂದಿರನ್ನು ಪಣಕ್ಕೆ ಒಡ್ಡಬಹುದೆ ಎಂಬ ವಿಚಾರಗಳು ಅಲ್ಲಿ ಸಹಜವಾಗಿ ಏಳುತ್ತವೆ.

ಇದಕ್ಕಿಂತಲೂ ಗಮನಾರ್ಹವಾದುದು ನೀಲಗಾರರ ಪರಂಪರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಸಂಪ್ರದಾಯದ ಮುಖ್ಯ ಕ್ಷೇತ್ರಗಳಲ್ಲಿ ಒಂದು. ಈ ಮಹಾಕಾವ್ಯವನ್ನು ಹಾಡುವ ನೀಲಗಾರರಲ್ಲಿ ಕೂಲಿಮಠದ ಬಾಗಿಲು ಮುಚ್ಚಿದ್ದ ಸಮುದಾಯಗಳವರೇ ಹಲವರು. ಮುಖ್ಯ ಗಾಯಕನು ತಂಬೂರಿ ಹಿಡಿದು ಕಥೆಯನ್ನು ನಡೆಸುತ್ತಾನೆ. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಹೊಸಬನು ಹಿಮ್ಮೇಳದಲ್ಲಿ ಕುಳಿತು ಕಲಿಯಬೇಕು. ಲಿಖಿತ ಪಾಠವಿಲ್ಲದ ಈ ವಿದ್ಯೆಗೆ ಮೇಳವೇ ಪುಸ್ತಕ, ಮೇಳವೇ ಪರೀಕ್ಷೆ.

ಕಾವ್ಯದ ವಸ್ತುವೂ ನಮ್ಮ ವಿಷಯಕ್ಕೆ ಹತ್ತಿರವಾದುದು. ಮಂಟೇಸ್ವಾಮಿಯು ಹೀನವೇಷದಿಂದ ಕಲ್ಯಾಣಕ್ಕೆ ಬಂದು ಬಸವಣ್ಣನ ಶರಣರನ್ನೇ ಪರೀಕ್ಷೆಗೆ ಗುರಿಪಡಿಸುತ್ತಾನೆ. ಕಬ್ಬಿಣದ ಭಿಕ್ಷೆಗೆ ಹೋದ ಸಿದ್ಧಪ್ಪಾಜಿಯನ್ನು ಪಾಂಚಾಳರು ಕಠಿಣ ಪರೀಕ್ಷೆಗಳಿಗೆ ಒಡ್ಡಿದ ಹಲಗೂರು ಇದೇ ಮಳವಳ್ಳಿ ತಾಲ್ಲೂಕಿನದು. ಅತ್ಯಂತ ಮಾನ್ಯರಾದವರನ್ನೂ ಪ್ರಶ್ನಿಸಬಹುದೆಂಬ ತತ್ತ್ವವನ್ನು ಅಕ್ಷರದಿಂದ ದೂರವಿಡಲ್ಪಟ್ಟ ಜನ ತಮ್ಮ ಕಾವ್ಯದಲ್ಲಿ ಕಾಪಾಡಿಕೊಂಡು ಬಂದರೆಂಬುದು ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಮರೆಯಬಾರದ ಸಂಗತಿ.

3

ನಿರ್ಣಯಕ್ಕೆ ಮುಟ್ಟುವ ಚರ್ಚೆಯ ನಿದರ್ಶನವನ್ನು ಮಂಡ್ಯದ ನಾಲೆಯ ಬಯಲಿನಲ್ಲಿ ಹುಡುಕಬೇಕು. ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ರಾಗಿಯ ಹೊಲಗಳಿಗೆ ನೀರನ್ನು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಈ ನಾಲೆಗೆ ಅಳವಡಿಸಿದ ಬ್ಲಾಕ್ ಪದ್ಧತಿಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲು ಮುಂಬಯಿ ಪ್ರಾಂತದ ನಾಲೆಗಳಲ್ಲಿ ರೂಪಿಸಿದ್ದರು. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯ ಮೇಲೆ ಬೆಳೆಯುವುದು ಇದರ ಸಾರ.

ಇದರ ಸಾಮಾಜಿಕ ಪರಿಣಾಮವನ್ನು ವಿಚಾರಿಸಬೇಕು. ಮಳೆಯನ್ನು ನಂಬಿದ ರೈತನು ತನ್ನ ಹೊಲದಲ್ಲಿ ಏನನ್ನು ಬಿತ್ತಬೇಕೆಂಬುದನ್ನು ತಾನೊಬ್ಬನೇ ನಿಶ್ಚಯಿಸಬಹುದು. ನಾಲೆಯ ಬ್ಲಾಕಿನೊಳಗಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಒಬ್ಬನು ಭತ್ತಕ್ಕೆ ನೀರು ನಿಲ್ಲಿಸಿದರೆ ಪಕ್ಕದ ಹೊಲದ ರಾಗಿ ಜೌಗಿಗೆ ತುತ್ತಾಗುತ್ತದೆ. ಮೇಲಿನವನು ತೂಬನ್ನು ಬಿಟ್ಟುಕೊಡದಿದ್ದರೆ ಕೆಳಗಿನವನ ಗದ್ದೆ ಒಣಗುತ್ತದೆ. ಅಪರಿಚಿತವಾಗಿದ್ದ ಕಬ್ಬಿನ ಬೇಸಾಯವನ್ನು ಕಲಿಯುವಾಗ ಇಲಾಖೆಯ ಮತ್ತು ಕಾರ್ಖಾನೆಯ ನೌಕರರ ಸೂಚನೆ ಎಷ್ಟು ಮುಖ್ಯವೋ ನೆರೆಹೊರೆಯವನ ಗದ್ದೆಯೂ ಅಷ್ಟೇ ಮುಖ್ಯ. ಇಲ್ಲಿ ಚರ್ಚೆಯು ವಿನೋದವಲ್ಲ, ಜೀವನೋಪಾಯ.

ಆದರೆ ಇಲ್ಲಿಯೂ ಅತ್ಯುಕ್ತಿ ಸಲ್ಲದು. ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿ, ಅವಕ್ಕೆ 'ವಂಗಾಲ', 'ದಲೇನ' ಎಂಬ ಕಲ್ಪಿತ ನಾಮಗಳನ್ನಿಟ್ಟು 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನೀರಾವರಿ ಪಡೆದ ಮೊದಲನೆಯ ಹಳ್ಳಿಯಲ್ಲಿ ಐಶ್ವರ್ಯ ಹೆಚ್ಚಿದರೂ ಹಳೆಯ ಸಾಮಾಜಿಕ ಸಂಬಂಧಗಳು ಬಹುಪಾಲು ಹಾಗೆಯೇ ಉಳಿದವೆಂದೂ, ನೀರು ದೊರೆಯದ ಎರಡನೆಯ ಹಳ್ಳಿಯವರು ಹೊರಗಿನ ಉದ್ಯೋಗ ವ್ಯಾಪಾರಗಳಿಗೆ ತೊಡಗಿದುದರಿಂದ ಅಲ್ಲಿಯ ವ್ಯವಸ್ಥೆ ಹೆಚ್ಚು ಸಡಿಲವಾಯಿತೆಂದೂ ಅವರು ತೋರಿಸಿದ್ದಾರೆ. ಕೂಡಿ ಬೇಸಾಯ ಕಲಿತವರು ಕೂಡಿ ಕುಳಿತುಕೊಳ್ಳುವ ಮರ್ಯಾದೆಯನ್ನೂ ಕಲಿತರೆಂದು ಇದರಿಂದ ಊಹಿಸಲಾಗದು.

4

ಇಲ್ಲಿ ಸಭೆಗೂ ಗೋಷ್ಠಿಗೂ ಇರುವ ವ್ಯತ್ಯಾಸವನ್ನು ಹೇಳಬೇಕು. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಿತು. ಸಾವಿರಾರು ಜನರಿಗೆ ಅದು ರಾಜ್ಯಶಾಸ್ತ್ರದ ಮೊದಲ ಪಾಠವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಮಹಾಸಭೆಯಲ್ಲಿ ಮಾತಾಡುವವರು ಕೆಲವರು, ಕೇಳುವವರು ಬಹುಮಂದಿ. ಎಲ್ಲರೂ ಮಾತಾಡಬಲ್ಲ ಗೋಷ್ಠಿಗೆ ಸಣ್ಣ ಗುಂಪೇ ಬೇಕು.

ಇಂಥ ಗುಂಪಿನ ಪ್ರಯೋಜನವನ್ನು ಅಳೆದು ನೋಡಿದ ಪ್ರಯೋಗವೊಂದು 1956ರಲ್ಲಿ ಪುಣೆಯ ಸುತ್ತಿನ 5 ಜಿಲ್ಲೆಗಳಲ್ಲಿ ನಡೆಯಿತು. ಯುನೆಸ್ಕೋ ನೆರವಿನಿಂದ ಆಕಾಶವಾಣಿಯು 150 ಹಳ್ಳಿಗಳಲ್ಲಿ ರೈತರ ಶ್ರವಣಕೂಟಗಳನ್ನು ಏರ್ಪಡಿಸಿತು. ಕಾರ್ಯಕ್ರಮವನ್ನು ಕೇಳಿದ ಮೇಲೆ ಕೂಟದವರು ಅದನ್ನು ಚರ್ಚಿಸಬೇಕಾಗಿದ್ದಿತು. ಕೂಟಗಳಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬೆಳೆದಷ್ಟು, ಕೇವಲ ರೇಡಿಯೋ ಇದ್ದ ಹಳ್ಳಿಗಳಲ್ಲಿ ಬೆಳೆಯಲಿಲ್ಲ. ಕೇಳಿದುದನ್ನು ಆಡಿ ನೋಡಿದಾಗಲೇ ಅದು ತಮ್ಮದಾಗುತ್ತದೆಂಬುದಕ್ಕೆ ಇದು ಪ್ರಮಾಣ.

ಶಾಲೆಯ ಕೊಠಡಿಯೊಳಗೆ ಈ ತತ್ತ್ವ ತಡವಾಗಿ ಬಂದಿತು. 1952-53ರ ಮೊದಲಿಯಾರ್ ಆಯೋಗವು ಬಾಯಿಪಾಠವನ್ನು ಬಿಟ್ಟು ಗುಂಪುಗೆಲಸಕ್ಕೆ ಅವಕಾಶ ಕೊಡಬೇಕೆಂದು ಸೂಚಿಸಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಮಕ್ಕಳು ಗುಂಪುಗಳಲ್ಲಿ ಕುಳಿತು, ಕೆಲವು ಪಾಠಗಳನ್ನು ಉಪಾಧ್ಯಾಯರಿಂದ, ಕೆಲವನ್ನು ಸಹಪಾಠಿಗಳಿಂದ, ಕೆಲವನ್ನು ತಾವಾಗಿಯೇ ಕಲಿಯುತ್ತ ಕಲಿಕಾ ಏಣಿಯನ್ನು ಏರುವುದು ಇದರ ಕ್ರಮ. ಜಾತಿಭೇದವಿಲ್ಲದೆ ಗಂಡುಹೆಣ್ಣು ಮಕ್ಕಳು ಒಂದೇ ವೃತ್ತದಲ್ಲಿ ಕುಳಿತರೆಂಬುದೇ ಕೂಲಿಮಠದಿಂದ ಇದಕ್ಕಿರುವ ದೊಡ್ಡ ಅಂತರ.

5

ಕೆಳಗಿನ ತರಗತಿಗಳಲ್ಲಿ ಆರಂಭವಾದುದು ಕಾಲೇಜಿನಲ್ಲಿ ನಿಂತುಹೋಗಬಾರದು. ಟಿಪ್ಪಣಿಗಳನ್ನು ಬರೆಸುವುದೇ ಅಧ್ಯಾಪನವಾದಲ್ಲಿ ನಾವು ಮರಳಿ ಮಗ್ಗಿಯ ಜಗಲಿಗೇ ಬಂದಂತಾಗುತ್ತದೆ. ಚರ್ಚೆಗೆ ವಿಷಯವನ್ನು ದೂರದಿಂದ ತರಬೇಕಾಗಿಯೂ ಇಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕ್ರಿ.ಶ. 949-50ರ ಶಾಸನವನ್ನೇ ತೆಗೆದುಕೊಳ್ಳೋಣ. ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದನ್ನೂ, ಅವನ ವೀರ ಮಣಲೆರನು ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನೂ ಈ ಕಲ್ಲು ಹೇಳುತ್ತದೆ.

ರಾಜಾದಿತ್ಯನ ವಧೆಯನ್ನು ತಿಳಿಸುವಲ್ಲಿ ಶಾಸನವು 'ಬಿಸುಗೆ' ಎಂಬ ಪದವನ್ನು ಬಳಸಿದೆ. ಶಾಸನ ಮೊದಲು ಪ್ರಕಟವಾದಾಗ ಇದರಿಂದ ವಂಚನೆಯ ಕೊಲೆಯೆಂಬ ಅರ್ಥವನ್ನು ತೆಗೆಯಲಾಯಿತು. ಆನೆಯ ಮೇಲಿನ ಅಂಬಾರಿಯೆಂಬ ಅರ್ಥ ಆಮೇಲೆ ಗೊತ್ತಾಯಿತು. ಚೋಳರ ಲೈಡನ್ ತಾಮ್ರಶಾಸನವೂ ರಾಜಾದಿತ್ಯನು ಆನೆಯ ಮೇಲೆ ಮಡಿದನೆಂದೇ ಹೇಳುತ್ತದೆ. ಒಂದು ಪದದ ಅರ್ಥದಿಂದ ಒಬ್ಬ ಅರಸನು ವಂಚಕನೂ ಆಗುತ್ತಾನೆ, ವೀರನೂ ಆಗುತ್ತಾನೆ. ಹತ್ತು ವಿದ್ಯಾರ್ಥಿಗಳು ಈ ಪಾಠವನ್ನು ಎದುರಿಗಿಟ್ಟುಕೊಂಡು, ನಿಘಂಟನ್ನೂ ವಿರೋಧಪಕ್ಷದ ಶಾಸನವನ್ನೂ ತಾಳೆನೋಡಿ, ತಮ್ಮ ತಮ್ಮಲ್ಲಿ ವಾದಿಸಿ ಒಂದು ನಿರ್ಣಯಕ್ಕೆ ಬಂದರೆ, ಉಪನ್ಯಾಸದಿಂದ ದೊರೆಯದ ವಿವೇಚನೆ ಅವರಿಗೆ ದೊರೆಯುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಕೂಡುವುದು ಈ ಸೀಮೆಗೆ ಹೊಸದಲ್ಲ. ಆದರೆ ಎಲ್ಲರನ್ನೂ ಕೂಡಿಸಿಕೊಳ್ಳುವುದು, ಕೂಡಿದವರಿಗೆಲ್ಲ ಪ್ರಶ್ನಿಸುವ ಅಧಿಕಾರವನ್ನು ಕೊಡುವುದು, ಆಧಾರವನ್ನು ನೋಡಿ ನಿರ್ಣಯಿಸುವುದು, ಈ ಮೂರೂ ಒಂದೆಡೆ ಸೇರಿದ ನಿದರ್ಶನ ನಾವು ನೋಡಿದ ಹಿಂದಿನ ಯಾವ ವ್ಯವಸ್ಥೆಯಲ್ಲಿಯೂ ಇಲ್ಲ. ಅವನ್ನು ಒಂದುಗೂಡಿಸಬಲ್ಲ ಸ್ಥಳ ಇಂದಿನ ತರಗತಿ. ಆ ಹೊಣೆ ಅಧ್ಯಾಪಕರದು ಎಷ್ಟೋ ವಿದ್ಯಾರ್ಥಿಗಳದೂ ಅಷ್ಟೆ.